ಒಂಟಿನಳಿಗೆಯವರ ಅಂಗಡಿ

ನನ್ನ ರಿಪೇರಿ ಅಂಗಡಿಗೆ ಬಂದ ಬಂದೂಕುಗಳಲ್ಲೆಲ್ಲ ಅತಿ ಕುರೂಪಿಯಾದದ್ದನ್ನು ತಂದವರು ದೊಡ್ಡೇರಿ ಕಡೆಯ ಒಬ್ಬ ಕುರಿ ಸಾಕುವ ಯಜಮಾನರು. ಬಾಯಿಯ ಕಡೆಯಿಂದ ಮದ್ದು ತುಂಬುವ ಹಳೇ ಕಾಲದ ಬಂದೂಕು. ನಳಿಗೆಯನ್ನು ಮರಕ್ಕೆ ಬಿಗಿದಿದ್ದದ್ದು ಸೈಕಲ್ ಟ್ಯೂಬಿನ ಪಟ್ಟಿ. ಟ್ರಿಗರಿನ ಸುತ್ತ ಇರಬೇಕಾದ ಕಬ್ಬಿಣದ ಬಳೆ ಯಾವತ್ತೋ ಬಿದ್ದುಹೋಗಿ, ಅಲ್ಲಿ ಹಾಲಿನ ಕ್ಯಾನಿನ ಹಿಡಿಯನ್ನು ಬಗ್ಗಿಸಿ ಕೂರಿಸಿದ್ದರು. ಗುರಿ ನೋಡುವ ಮಣಿಯ ಜಾಗದಲ್ಲಿ ಒಂದು ಮೂಗುತಿಯ ಬಿಳಿ ಹರಳು ಹೊಳೆಯುತ್ತಿತ್ತು. ಯಜಮಾನರು ಅದನ್ನು ಕಂಬಳಿಯಿಂದ ಬಿಚ್ಚಿ ಮೇಜಿನ ಮೇಲಿಟ್ಟು, "ಸ್ವಲ್ಪ ಶೋಕಿ ಮಾಡ್ಕೊಡ್ರಿ, ಮದುವೆ ಮನೆಗೆ ಹೋಗೋ ಹಂಗಾಗ್ಲಿ" ಅಂದರು.

ನನಗೆ ನಗು ಬಂತು. ಅವರೂ ನಕ್ಕರು. ಆದರೆ ಎಣ್ಣೆಬಟ್ಟೆ ಹಿಡಿದು ಒರೆಸುತ್ತಾ ಹೋದಂತೆ ಆ ಬಂದೂಕಿನ ಮರದಲ್ಲಿ ಒಂದು ಕಡೆ ಬೆರಳಿಗೆ ನುಣುಪಾದ ತಗ್ಗು ಸಿಕ್ಕಿತು. ಅಜ್ಜ, ಅಪ್ಪ, ಮಗ ಮೂವರೂ ಕೆನ್ನೆ ಒತ್ತಿ ಒತ್ತಿ ಮಾಡಿದ ತಗ್ಗು ಅದು. ಉಳಿ ಹಿಡಿದು ಅಂಥದ್ದನ್ನು ಮಾಡಲು ಯಾವ ಕುಶಲಕರ್ಮಿಗೂ ಆಗುವುದಿಲ್ಲ. ಸಂಜೆ ಯಜಮಾನರು ವಾಪಸು ಬಂದಾಗ ಅದನ್ನು ಕೊಡುವುದಕ್ಕೇ ನನಗೆ ಮನಸ್ಸಿರಲಿಲ್ಲ.

ಈಗ ಅಂಗಡಿಯನ್ನು ನನ್ನ ತಂಗಿಯ ಮಗಳು ಭಾಗ್ಯ ನೋಡಿಕೊಳ್ಳುತ್ತಾಳೆ. ಐಟಿಐಯಲ್ಲಿ ಫಿಟ್ಟರ್ ಕಲಿತು, ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ, ಅದು ಬೇಸರವಾಗಿ ಚಳ್ಳಕೆರೆಗೆ ಬಂದವಳು. ಈ ಕೆಲಸ ಕಲಿಯಬೇಕೆಂದು ಆಗಾಗ ಯಾರಾದರೂ ಬಂದು, "ಇದರಲ್ಲಿ ಏನೈತೆ ಮೇಡಂ?" ಎಂದು ಕೇಳುತ್ತಾರಂತೆ. ನಮ್ಮ ಕಸುಬು ಮೇಲೇರುವ ಏಣಿಯಲ್ಲ. ಸೇರಿದ ದಿನ ಕೂತ ಸ್ಟೂಲಿನ ಮೇಲೆಯೇ ಬಿಡುವ ದಿನವೂ ಕೂತಿರುತ್ತೀರಿ. ಹಾಗಿದ್ದರೂ ಇಷ್ಟು ವರ್ಷ ನಾನು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯಲು ಯಾಕೆ ಓಡಿ ಓಡಿ ಬರುತ್ತಿದ್ದೆ ಎಂಬುದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ರಾಯದುರ್ಗದ ಕಡೆಯವಳು. ತೆಲುಗು ಮನೆಮಾತು. ಚಳ್ಳಕೆರೆಯ ಈರಣ್ಣಾಚಾರಿಯವರ ಮನೆಗೆ ಸೊಸೆಯಾಗಿ ಬಂದಾಗ ಬಂದೂಕನ್ನು ಪೊಲೀಸರ ಹೆಗಲಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ನನ್ನ ಮಾವನಿಗೆ ಬಂದೂಕು ರಿಪೇರಿಯ ಲೈಸೆನ್ಸ್ ಇತ್ತು. ಗಂಡ ರುದ್ರೇಶನಿಗೆ ಬಂದೂಕು ಕಂಡರೆ ಆಗದು. ದೀಪಾವಳಿಯಲ್ಲಿ ಪಟಾಕಿ ಹೊಡೆದರೂ ಹಿತ್ತಲಿಗೆ ಹೋಗಿ ಕೂರುವ ಮನುಷ್ಯ. ಅಪ್ಪನ ಅಂಗಡಿಯ ಪಕ್ಕದಲ್ಲೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಹೋಟೆಲು ಇಟ್ಟುಕೊಂಡು, "ನನ್ನ ಬಾಣಲೆ ನನಗೆ, ನಿಮ್ಮ ನಳಿಗೆ ನಿಮಗೆ" ಎಂದು ಹಾಯಾಗಿದ್ದ.

ಮಾವನ ಕಣ್ಣಿಗೆ ಪೊರೆ ಬಂದಾಗ ಸಣ್ಣ ತಿರುಪುಮೊಳೆ ಹುಡುಕಿಕೊಡುವುದಕ್ಕೆ ನನ್ನನ್ನು ಕರೆಯತೊಡಗಿದರು. ಮೊದಲು ಮೊಳೆ ಹುಡುಕಿಕೊಟ್ಟೆ. ಆಮೇಲೆ ನಾನೇ ಬಿಚ್ಚಿದೆ. ಆಮೇಲೆ ನಾನೇ ಕೂರಿಸಿದೆ. ಕಣ್ಣಿನ ಆಪರೇಷನ್ ಆಗಿ ನೋಟ ಚೆನ್ನಾಗಿ ಬಂದ ಮೇಲೂ ಮಾವ ತಮ್ಮ ಸ್ಟೂಲಿಗೆ ವಾಪಸು ಬರಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತು, "ಹೆಣ್ಮಗಳ ಕೈಗೆ ಒಂದು ಹದ ಐತೆ. ನಾನು ಯಾಕೆ ಅಡ್ಡ ಬರ್ಲಿ?" ಅಂದರು. ಅವರ ಓಡಾಟದಿಂದಲೇ ನನ್ನ ಹೆಸರೂ ಲೈಸೆನ್ಸಿಗೆ ಸೇರಿತು. ಊರವರು ಸುಲೋಚನ ಅನ್ನುವುದನ್ನು ಬಿಟ್ಟು ಆಚಾರಮ್ಮ ಅನ್ನತೊಡಗಿದರು.

ಮಾವ ನನಗೆ ಸಿಕ್ಕ ಒಬ್ಬರೇ ಮೇಲಧಿಕಾರಿ. ಬೈಯುತ್ತಿರಲಿಲ್ಲ. ತಪ್ಪು ಮಾಡಿದರೆ ಕೆಮ್ಮುತ್ತಿದ್ದರು. ಅರ ಜೋರಾಗಿ ಉಜ್ಜಿದರೆ ಒಂದು ಕೆಮ್ಮು. ಹಿತ್ತಾಳೆಗೆ ಸುತ್ತಿಗೆ ಬಿದ್ದರೆ ಎರಡು ಕೆಮ್ಮು. ಖಾಲಿ ಇದೆ ಎಂದು ಗಿರಾಕಿ ಹೇಳಿದ ಮಾತನ್ನು ನಂಬಿ ಬಂದೂಕಿಗೆ ಕೈ ಹಾಕಿದರೆ ಮಾತ್ರ ಎದ್ದು ಬಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದರು. "ಬಾಯಿ ಮಾತು ಬ್ಯಾಡ ಕಣಮ್ಮ. ನೀನೇ ನೋಡು. ದೇವರೇ ಬಂದು ಖಾಲಿ ಐತೆ ಅಂದ್ರೂ ನೀನು ನೋಡು."

ಆ ಪಾಠದ ಫಲವನ್ನು ಒಂದು ಬೇಸಿಗೆಯಲ್ಲಿ ಇಡೀ ಬೀದಿ ಉಂಡಿತು. ತಳಕಿನ ಕಡೆಯ ಒಬ್ಬ ಮೇಷ್ಟ್ರು ತಮ್ಮ ತಂದೆಯ ಕಾಲದ ಮದ್ದಿನ ಬಂದೂಕನ್ನು ತಂದರು. ಅಟ್ಟದ ಮೇಲೆ ಬಹಳ ವರ್ಷ ಸುಮ್ಮನೆ ಬಿದ್ದಿತ್ತಂತೆ. "ಖಾಲಿ ಇದೆ ತಾಯಿ, ನಮ್ಮ ತಂದೆಯವರೇ ಕೊನೆಗೆ ಖಾಲಿ ಮಾಡಿ ಇಟ್ಟಿದ್ದು" ಅಂದರು. ನಾನು ನಳಿಗೆಯ ಒಳಗೆ ಅಳತೆಯ ಕಂಬಿ ಬಿಟ್ಟೆ. ಕಂಬಿ ತಳ ಮುಟ್ಟಲಿಲ್ಲ. ಇನ್ನೂ ಒಂದು ಗೇಣು ಇರುವಾಗಲೇ ನಿಂತುಬಿಟ್ಟಿತು. ಒಂದು ಗೇಣು ಮದ್ದು!

"ಎಲ್ರೂ ಹೊರಗೆ ನಡೀರಿ! ತುಂಬಿದ ಬಂದೂಕು!" ಎಂದು ಕೂಗಿದೆ. ಮೇಷ್ಟ್ರು ಚಪ್ಪಲಿ ಬಿಟ್ಟು ಓಡಿದರು. ಪಕ್ಕದ ಹೋಟೆಲಿನಲ್ಲಿ ಬಜ್ಜಿ ತಿನ್ನುತ್ತಿದ್ದವರು ತಟ್ಟೆ ಸಮೇತ ಬೀದಿಗೆ ಬಂದರು. ನನ್ನ ಗಂಡ ಒಲೆ ಆರಿಸಿ, ಬಾಣಲೆಯ ಮುಚ್ಚಳವನ್ನು ಎದೆಗೆ ಹಿಡಿದುಕೊಂಡು ಎಣ್ಣೆ ಗಿರಣಿಯ ಗೋಡೆಯ ಹಿಂದೆ ನಿಂತ. ಮಾವ ಒಬ್ಬರೇ ನಿಧಾನವಾಗಿ ಬಂದು ನಳಿಗೆಗೆ ನೀರು ಹುಯ್ದರು. ನೀರು ಇಂಗುವ ತನಕ ಕಾದು, ತುದಿಯಲ್ಲಿ ತಿರುಪು ಇರುವ ಕಂಬಿಯನ್ನು ಒಳಗೆ ಬಿಟ್ಟು ತಿರುಗಿಸಿ ಮೆಲ್ಲಗೆ ಎಳೆದರು. ಮೊದಲು ಒಂದು ಚಿಂದಿ ಬಟ್ಟೆ ಬಂತು. ಆಮೇಲೆ ಒಂದು ಶೇಂಗಾ ಬೀಜ. ಇನ್ನೊಂದು ಶೇಂಗಾ. ಆಮೇಲೆ ಹುರುಳಿ, ಅರ್ಧ ತಿಂದ ಕೊಬ್ಬರಿ ಚೂರು, ಮತ್ತೆ ಶೇಂಗಾ. ಯಾವುದೋ ಇಲಿಮರಿ ಅಟ್ಟದ ಮೇಲೆ ತನ್ನ ಉಗ್ರಾಣ ಮಾಡಿಕೊಂಡಿತ್ತು!

ಬೀದಿಯೇ ನಕ್ಕಿತು. ಮಾವ ಶೇಂಗಾ ಬೀಜವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಮೇಷ್ಟ್ರೇ, ಈ ಇಲಿ ಲೈಸೆನ್ಸ್ ತಗಂಡೈತೇನು ಕೇಳ್ರಿ" ಅಂದರು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಗಿರಾಕಿಗಳೆಲ್ಲ ಹೋದ ಮೇಲೆ ಮಾವ ನನ್ನನ್ನು ಕರೆದು, ನಗದೆ ಹೇಳಿದರು: "ಇವತ್ತು ನೀನು ಮಾಡಿದ್ದು ಸರಿ. ನಾಳೆ ಇನ್ನೊಂದು ಬರ್ತದೆ, ನಾಳೇನೂ ಹಿಂಗೇ ಕೂಗು. ಅದರಲ್ಲೂ ಶೇಂಗಾ ಬಂದ್ರೆ ಹುರ್ಕಂಡು ತಿನ್ನಾಣ." ಅವತ್ತಿನಿಂದ ಎಷ್ಟೋ ಸಲ ಬೀದಿ ಖಾಲಿ ಮಾಡಿಸಿದ್ದೇನೆ. ಅವುಗಳಲ್ಲಿ ಕೆಲವು ನಿಜಕ್ಕೂ ತುಂಬಿದ ಬಂದೂಕುಗಳೇ ಆಗಿದ್ದವು. ಈ ಕೆಲಸಕ್ಕೆ ಬರುವವರು ನಗೆಪಾಟಲಾಗಲು ಹೆದರಬಾರದು.

ಬಂದೂಕು ಪ್ರೇಮಿಗಳು ಅಂತ ಒಂದು ಜಾತಿಯ ಜನ ಇರುತ್ತಾರೆ. ನಮಗೆ ಅವರ ಒಡನಾಟ ಕಡಿಮೆ. ಬೆಂಗಳೂರಿನಿಂದ ಬಳ್ಳಾರಿಗೆ ಹೋಗುವಾಗ ದಾರಿಯಲ್ಲಿ ನಿಲ್ಲುತ್ತಿದ್ದ ಒಬ್ಬ ನಿವೃತ್ತ ಎಂಜಿನಿಯರ್ ಮಾತ್ರ ವರ್ಷಕ್ಕೊಮ್ಮೆ ಬರುತ್ತಿದ್ದರು. ಒಳ್ಳೆಯ ಮನುಷ್ಯ. ಅವರದು ವಿಲಾಯಿತಿಯ ಜೋಡುನಳಿಗೆ. ಉಕ್ಕಿನ ಮೇಲೆ ಹಕ್ಕಿ, ಬಳ್ಳಿ ಕೆತ್ತಿದ್ದು. ಮರ ಕನ್ನಡಿಯ ಹಾಗೆ. ಅದನ್ನು ಮುಟ್ಟುವ ಮೊದಲು ನಾನು ಸೋಪು ಹಚ್ಚಿ ಕೈ ತೊಳೆಯುತ್ತಿದ್ದೆ. ಮೇಜಿನ ಇನ್ನೊಂದು ತುದಿಯಲ್ಲಿ ನಮ್ಮ ಕಡೆಯ ಒಂಟಿನಳಿಗೆಗಳು ಸಾಲಾಗಿ ಒರಗಿರುತ್ತಿದ್ದವು. ಅವರು ಒಮ್ಮೆ ಅವುಗಳ ಕಡೆ ನೋಡಿ, "ಸುಲೋಚನಮ್ಮ, ಇಂಥ ಕೈ ಇಟ್ಟುಕೊಂಡು ಈ ಕಟ್ಟಿಗೆಗಳ ಜೊತೆ ಯಾಕೆ ಜೀವ ಸವೆಸ್ತೀರಿ?" ಅಂದರು.

ಅವತ್ತು ಬಜ್ಜಿ ತರಿಸಿಕೊಟ್ಟೆ. ಉತ್ತರವನ್ನು ಈಗ ಹೇಳಬಲ್ಲೆ. ಅವರ ಬಂದೂಕಿನಲ್ಲಿ ಒಬ್ಬ ಮಹಾ ಕುಶಲಿಯ ಕೈ ಇತ್ತು. ಅವನು ಮಾಡಿ ಮುಗಿಸಿದ ಮೇಲೆ ಆ ಬಂದೂಕಿಗೆ ಇನ್ನು ಯಾರೂ ಬೇಕಾಗಿರಲಿಲ್ಲ. ನನ್ನ ಕಟ್ಟಿಗೆಗಳದು ಹಾಗಲ್ಲ. ಅವು ಮಾಡಿ ಮುಗಿದ ವಸ್ತುಗಳೇ ಅಲ್ಲ. ಒಬ್ಬ ಮೊಳೆ ಹೊಡೆದಿದ್ದಾನೆ, ಇನ್ನೊಬ್ಬ ತಂತಿ ಸುತ್ತಿದ್ದಾನೆ, ಮತ್ತೊಬ್ಬ ಎತ್ತಿನ ಕೊಂಬಿನ ಚೂರು ಕೂರಿಸಿದ್ದಾನೆ. ಹೊಲದಲ್ಲಿ ಹಂದಿ ಓಡಿಸುವುದಕ್ಕೆ ಒಂದು ಸದ್ದು ಮಾಡಿದರೆ ಸಾಕು, ಅವುಗಳಿಂದ ಯಾರೂ ಹೆಚ್ಚಿಗೆ ಕೇಳುವುದಿಲ್ಲ. ಅಷ್ಟನ್ನು ಮಾಡಲು ಅವು ಪಡುವ ಪಾಡು ನೋಡಿದರೆ ನನಗೆ ಸಂಸಾರಸ್ಥರನ್ನು ನೋಡಿದ ಹಾಗೇ ಆಗುತ್ತಿತ್ತು. ಪ್ರೀತಿ ಬರದೆ ಏನು ಮಾಡುತ್ತದೆ?

ಪ್ರೀತಿ ಇಲ್ಲದವರಿಗೂ ಅದು ಹತ್ತಬಹುದು. ನಮ್ಮ ಊರಿನ ಒಂದು ಬ್ಯಾಂಕಿಗೆ ಹನುಮಂತರಾಯಪ್ಪ ಎಂಬ ಮಾಜಿ ಸೈನಿಕರು ಕಾವಲಿಗೆ ಬಂದರು. ಎತ್ತರದ ಆಳು. ಸೈನ್ಯದಲ್ಲಿ ದೊಡ್ಡ ದೊಡ್ಡ ರೈಫಲ್ ಹಿಡಿದವರ ಕೈಗೆ ಇಲ್ಲಿ ಒಂದು ಒಂಟಿನಳಿಗೆ ಬಂತು. ಅದನ್ನು ಅವರು ಛತ್ರಿ ಹಿಡಿದ ಹಾಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ವರ್ಷದ ತಪಾಸಣೆಗೆ ನನ್ನ ಹತ್ತಿರ ತಂದಾಗ, "ನೋಡ್ರಿ ಮೇಡಂ, ಇದನ್ನ ಹಿಡ್ಕಂಡು ನಿಂತ್ರೆ ಕುರಿ ಕಾಯೋನ ಹಂಗೆ ಕಾಣ್ತೀನಿ" ಅಂದರು. ನಾನು ಅವರಿಗೆ ಬಂದೂಕನ್ನು ಹೆಗಲಿಗೆ ಏರಿಸಲು ಹೇಳಿದೆ. ಅವರ ಕೈ ಉದ್ದ, ಬಂದೂಕಿನ ಮರ ಗಿಡ್ಡ. ಯಾರೋ ಕುಳ್ಳನೆಯ ಕಾವಲುಗಾರನಿಗಾಗಿ ಹಿಂದೆ ಕತ್ತರಿಸಿದ್ದರು. ಬ್ಯಾಂಕಿನವರ ಒಪ್ಪಿಗೆ ಪಡೆದು ಹಿಂಬದಿಗೆ ಒಂದು ತುಂಡು ಮರ ಜೋಡಿಸಿ, ಕೀಲು ಬಿಗಿ ಮಾಡಿ, ಎಣ್ಣೆ ತಿನ್ನಿಸಿ ಕೊಟ್ಟೆ. ಮತ್ತೆ ಹೆಗಲಿಗೆ ಏರಿಸಿ ನೋಡಿದರು. ಕೆಳಗಿಳಿಸಿದರು. ಇನ್ನೊಮ್ಮೆ ಏರಿಸಿದರು. "ಇವಳು ಈಗ ಮಾತು ಕೇಳ್ತಾಳೆ" ಅಂದರು. ಮಾರನೆಯ ದಿನ ಬ್ಯಾಂಕಿನ ಮುಂದೆ ಹಾದುಹೋದಾಗ ನೋಡುತ್ತೇನೆ, ಗಣರಾಜ್ಯೋತ್ಸವದ ಪೆರೇಡಿನಲ್ಲಿ ನಿಂತ ಹಾಗೆ ನಿಂತಿದ್ದಾರೆ! ನನ್ನನ್ನು ಕಂಡು ಮೀಸೆಯಲ್ಲೇ ನಕ್ಕರು.

ಕಾಲ ಬದಲಾಯಿತು. ಮಾವ ತೀರಿಕೊಂಡರು. ಮದ್ದಿಗೆ ಕಿಡಿ ಹೊತ್ತಿಸಲು ಬಂದೂಕಿಗೆ ಹಾಕುವ ಸಣ್ಣ ಕೇಪು ಸಿಗುವುದು ಕಷ್ಟವಾಯಿತು. ಹೊಲಗಳಿಗೆ ಸೋಲಾರ್ ಬೇಲಿ ಬಂತು, ನಾಯಿ ಬೊಗಳಿದ ಹಾಗೆ ಕೂಗುವ ಮೈಕು ಬಂತು. ಕುರಿ ಮೇಯುತ್ತಿದ್ದ ಕುದಾಪುರದ ಕಾವಲಿನಲ್ಲಿ ದೊಡ್ಡ ಕಾಂಪೌಂಡುಗಳೆದ್ದ ಮೇಲೆ ಆ ಕಡೆಯಿಂದ ಬರುತ್ತಿದ್ದ ಕುರಿಗಾಹಿ ಗಿರಾಕಿಗಳು ಅಪರೂಪವಾದರು. ಭಾಗ್ಯ ಬಂದದ್ದು ಆಗ. ನಾನು ಉಗುರಿನಿಂದ ಗೀರಿ ನೋಡುವುದನ್ನು ಅವಳು ಮೈಕ್ರೋಮೀಟರಿನಲ್ಲಿ ಅಳೆಯುತ್ತಾಳೆ. ಬಿಚ್ಚುವ ಮೊದಲು ಪ್ರತಿ ಭಾಗವನ್ನೂ ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾಳೆ. ಮೊದಮೊದಲು ನಾನು ಮಾವನ ಹಾಗೆ ಕೆಮ್ಮಿ ನೋಡಿದೆ. "ದೊಡ್ಡಮ್ಮ, ಕೆಮ್ಮಿಗೆ ಮಾತ್ರೆ ತರ್ಲಾ?" ಎಂದಳು. ಅಲ್ಲಿಗೆ ಕೆಮ್ಮುವ ಪದ್ಧತಿ ನಮ್ಮ ಅಂಗಡಿಯಲ್ಲಿ ಮುಗಿಯಿತು.

ಇನ್ನು ಬೋರಮ್ಮನ ತುಪಾಕಿಯ ವಿಷಯ. ಮೊಳಕಾಲ್ಮೂರು ಕಡೆ ಬಂದೂಕಿಗೆ ಈಗಲೂ ತುಪಾಕಿ ಅನ್ನುತ್ತಾರೆ.

ಒಂದು ಮಧ್ಯಾಹ್ನ ಮೊಳಕಾಲ್ಮೂರು ಠಾಣೆಯ ಪೇದೆ ತಿಪ್ಪೇಸ್ವಾಮಿ ಗೋಣಿಯಲ್ಲಿ ಸುತ್ತಿದ ಬಂದೂಕು ಹಿಡಿದು ಬಂದರು. ಹಿಂದೆಯೇ ಒಬ್ಬ ಸಣ್ಣ ಆಳಿನ ಮುದುಕಿ. ಬ್ರಹ್ಮಗಿರಿಯ ತಪ್ಪಲಲ್ಲಿ ಶೇಂಗಾ ಬೆಳೆಯುವ ಬೋರಮ್ಮ. ಗಂಡ ಪಾಲಯ್ಯ ತೀರಿಕೊಂಡ ಮೇಲೆ ನಿಯಮದಂತೆ ಬಂದೂಕನ್ನು ಠಾಣೆಗೆ ಒಪ್ಪಿಸಿ, ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕಿದ್ದರು. ಆದರೆ ಬಂದೂಕು ಕೆಟ್ಟಿದೆ, ಕೆಟ್ಟದ್ದಕ್ಕೆ ಲೈಸೆನ್ಸ್ ಯಾಕೆ, ಜಿಲ್ಲೆಗೆ ಕಳಿಸಿ ನಾಶ ಮಾಡಿಸಿಬಿಡೋಣ ಎಂಬ ಮಾತು ಬಂದಿತ್ತು. ಹೊಸದಾಗಿ ಬಂದ ಎಸ್ಸೈ ಒಂದು ಅವಕಾಶ ಕೊಟ್ಟಿದ್ದರು. ರಿಪೇರಿಯವರು ಸರಿ ಮಾಡಿ ತಮ್ಮೆದುರು ಒಮ್ಮೆ ಹಾರಿಸಿ ತೋರಿಸಿದರೆ ಅರ್ಜಿಗೆ ಶಿಫಾರಸು ಮಾಡುತ್ತೇನೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಜಿಲ್ಲೆಗೆ ಕಳಿಸುತ್ತೇನೆ ಎಂದು.

ಗೋಣಿ ಬಿಚ್ಚಿದೆ. ಮನೆಯ ಮಾಳಿಗೆಯ ತೊಲೆ ಎಂದೋ ಮೇಲೆ ಬಿದ್ದು ಬಂದೂಕಿನ ಮರ ನಡುವೆ ಮುರಿದು ಎರಡಾಗಿತ್ತು. ಟ್ರಿಗರ್ ಎಳೆದಾಗ ಕೇಪಿಗೆ ಹೊಡೆಯುವ ಕುದುರೆ ಕತ್ತು ನೇತುಹಾಕಿಕೊಂಡಿತ್ತು. ಅದಕ್ಕೆ ಜೀವ ಕೊಡುವ ಒಳಗಿನ ಸ್ಪ್ರಿಂಗ್ ಸತ್ತಿತ್ತು. ಕೇಪು ಕೂರುವ ಮೂತಿಯನ್ನು ತುಕ್ಕು ತಿಂದಿತ್ತು. ಭಾಗ್ಯ ನನ್ನ ಕಿವಿಯ ಹತ್ತಿರ ಬಂದು, "ದೊಡ್ಡಮ್ಮ, ಆಗಲ್ಲ ಅಂತ ಹೇಳಿಬಿಡಿ" ಅಂದಳು. ಯಾರೇ ಆದರೂ ಹಾಗೇ ಹೇಳುತ್ತಿದ್ದರು.

ಹೇಳುವುದಕ್ಕೆಂದು ಬಾಯಿ ತೆರೆದಾಗ ನನ್ನ ಕಣ್ಣು ನಳಿಗೆಯ ಮುಂಭಾಗದ ಪಟ್ಟಿಯ ಮೇಲೆ ಬಿತ್ತು. ಕಪ್ಪಾಗಿತ್ತು. ಒರೆಸಿದರೆ ಬೆಳ್ಳಿ! ಚುಕ್ಕಿ ಚುಕ್ಕಿಯ ಕೆಲಸವಿರುವ ಕೈಕಡಗ. ಅದನ್ನು ಬಿಡಿಸಿ, ಒತ್ತಿ, ನಳಿಗೆಗೆ ಸುತ್ತಿದ್ದರು.

"ಇದೇನಿದು ಬೋರಮ್ಮ?"

"ನನ್ ಮದುವೆ ಕಡಗ ಕಣ್ರಿ ಆಚಾರಮ್ಮ. ಹಿತ್ತಾಳೆ ಪಟ್ಟಿ ಕಿತ್ಕಂಡು ಹೋಗಿತ್ತು. ಅವತ್ತು ಹಂದಿ ಹಿಂಡು ಬಂದಿತ್ತು. ಪೇಟೆಗೆ ಹೋಗಿ ತರಾಕೆ ಟೈಮ್ ಎಲ್ಲೈತೆ? ಕೈಯಾಗಿದ್ದದ್ದು ಬಿಚ್ಚಿ ಹಾಕಿದೆ."

"ಆಮೇಲೆ ವಾಪಸ್ ತಗೊಳ್ಳಲಿಲ್ವಾ?"

"ಯಾಕೆ ತಗಳ್ಳಾನ? ಅದಕ್ಕೇ ಚೆನ್ನಾಗಿ ಕಾಣ್ತಿತ್ತು."

ನಾನು ತೆಲುಗಿನಲ್ಲಿ, ಈ ತುಪಾಕಿ ಇಲ್ಲದಿದ್ದರೆ ನಡೆಯುವುದಿಲ್ಲವೇ ಎಂದು ಕೇಳಿದೆ. ಬೋರಮ್ಮ ನನ್ನ ಮಾತಿನ ರಾಯದುರ್ಗದ ಧಾಟಿ ಗುರುತು ಹಿಡಿದು ಮುಖ ಅರಳಿಸಿದರು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದರು: "ಯಾವ ಹಂದೀನೂ ನಾವು ಕೊಂದಿಲ್ಲಮ್ಮ. ಬರೀ ಮದ್ದು ಹಾಕಿ ಸದ್ದು ಮಾಡೋದು. ಈ ತುಪಾಕಿ ಮುದುಕಿ ಒಂದು ಸಲ ಕೂಗಿದ್ರೆ ಸುತ್ತ ಏಳು ಹೊಲದೋರು ನಿಶ್ಚಿಂತೆ ನಿದ್ದೆ ಮಾಡ್ತಾರೆ. ಎರಡು ವರ್ಷ ಆತು, ಯಾರಿಗೂ ನಿದ್ದೆ ಇಲ್ಲ. ಮೈಕು ತಂದು ನಾಯಿ ಕೂಗಿಸಿದ್ರು. ಹಂದಿಗಳು ಅದರ ಪಕ್ಕದಾಗೇ ನಿಂತು ಶೇಂಗಾ ತಿಂದ್ವು."

ತಿಪ್ಪೇಸ್ವಾಮಿ ಜೋರಾಗಿ ನಕ್ಕರು. ನಾನು ಬಂದೂಕನ್ನು ಇಟ್ಟುಕೊಂಡೆ.

ಮರವೇ ಮೊದಲ ತೊಡಕಾಯಿತು. ನನ್ನ ಹತ್ತಿರವಿದ್ದ ತುಂಡುಗಳಾವುವೂ ಸಾಲಲಿಲ್ಲ. ವಿಷಯ ತಿಳಿದ ಬೋರಮ್ಮ ಮೂರನೆಯ ದಿನ ಬೆಳಗಿನ ಬಸ್ಸಿನಲ್ಲಿ ಒಂದು ಹಳೆಯ ನೊಗವನ್ನು ಹೊತ್ತು ತಂದರು. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದನಂತೆ. "ಎತ್ತು ಬಂದ್ರೆ ಅದಕ್ಕೂ ತಗೊ ಅಂದೆ" ಅಂದರು. ನೊಗ ಕಮರದ ಮರದ್ದು. ನಮ್ಮ ಸೀಮೆಯ ಆ ಮರ ಕಬ್ಬಿಣಕ್ಕೆ ಕಡಿಮೆಯಿಲ್ಲ. ನನ್ನ ಉಳಿಗಳು ಒಂದೊಂದೇ ಮೊಂಡಾದವು. ಭಾಗ್ಯ ಸಾಣೆ ಹಿಡಿದುಕೊಡುತ್ತಲೇ ಇದ್ದಳು, ನಾನು ಕೆತ್ತುತ್ತಲೇ ಇದ್ದೆ. ಸ್ಪ್ರಿಂಗಿನ ಕೆಲಸವನ್ನು ಅವಳೇ ವಹಿಸಿಕೊಂಡಳು. ಮೊದಲ ಎರಡು ಮುರಿದವು. ಮೂರನೆಯದು ಕುದುರೆಯನ್ನು ಎತ್ತಿ "ಟಕ್" ಎಂದು ಹೊಡೆಸಿದಾಗ ಇಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆವು. ಅವಳು, ಆಗಲ್ಲ ಅಂತ ಹೇಳಿಬಿಡಿ ಅಂದವಳು, ಮತ್ತೆ ಮತ್ತೆ ಕುದುರೆ ಎತ್ತಿ ಆ ಸದ್ದನ್ನು ಕೇಳಿದಳು. ಅವಳಿಗೂ ಹುಚ್ಚು ಹತ್ತಿತು ಎಂದು ನನಗೆ ಅವತ್ತೇ ಗೊತ್ತಾಯಿತು.

ಹಾರಿಸಿ ತೋರಿಸುವ ದಿನ ಬಂತು. ಬೋರಮ್ಮನ ಊರಿನ ಹೊರಗೆ, ಕೆಲಸ ನಿಂತ ಕಲ್ಲು ಕ್ವಾರಿಯ ಹತ್ತಿರ ಜಾಗ ಗೊತ್ತು ಮಾಡಿದ್ದರು. ನನ್ನ ಗಂಡನೂ ಬರುತ್ತೇನೆಂದು ಹೊರಟಿದ್ದು ನನಗೆ ಆಶ್ಚರ್ಯ. ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಟವೆಲ್ ಸುತ್ತಿಕೊಂಡು ಟೆಂಪೋ ಹತ್ತಿದ. "ನೋಡ್ತೀನಿ, ಕೇಳೋದಿಲ್ಲ" ಅಂದ. ಎಸ್ಸೈ ಮೈಸೂರು ಕಡೆಯ ಚಿಕ್ಕ ವಯಸ್ಸಿನವರು. ಮಿತಭಾಷಿ. ತಿಪ್ಪೇಸ್ವಾಮಿ ಜೊತೆಗಿದ್ದರು. ಸುತ್ತಲಿನ ಹೊಲಗಳಲ್ಲಿ ಜನ ಕಳೆ ಕೀಳುತ್ತಿದ್ದರು.

ನಾನು ಮದ್ದು ಮಾತ್ರ ತುಂಬಿದೆ, ಗುಂಡಿಲ್ಲ. ಕೇಪು ಹಾಕಿದೆ. ಬಂಡೆಯ ಕಡೆ ಹಿಡಿದು ಟ್ರಿಗರ್ ಎಳೆದೆ.

"ಟಿಸ್" ಎಂದು ಕೇಪು ಮಾತ್ರ ಸಿಡಿಯಿತು. ಬಂದೂಕು ಸುಮ್ಮನಿತ್ತು.

ನಿಯಮದಂತೆ ನಳಿಗೆಯನ್ನು ಬಂಡೆಯ ಕಡೆಗೇ ಹಿಡಿದು ಸಾಕಷ್ಟು ಹೊತ್ತು ಕಾದೆ. ಇನ್ನೊಂದು ಕೇಪು ಹಾಕಿದೆ. ಮತ್ತೆ "ಟಿಸ್". ಎಸ್ಸೈ ಗಡಿಯಾರ ನೋಡಿದರು. ಬೋರಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಬಂದೂಕಿನ ಮೇಲಿನ ಪ್ರೀತಿಯಿಂದ ಬಂದು ನಿಂತಿದ್ದೇನೆ, ಈಗ ಇದನ್ನು ಹೊತ್ತುಕೊಂಡು ಹೋಗಿ ಚೂರು ಮಾಡುತ್ತಾರಲ್ಲ ಎಂದುಕೊಂಡೆ.

"ದೊಡ್ಡಮ್ಮ, ನಿನ್ನೆ ಸಂಜೆ ಎಣ್ಣೆ ಎಷ್ಟು ಬಿಟ್ರಿ?" ಭಾಗ್ಯ ಮೆಲ್ಲಗೆ ಕೇಳಿದಳು.

ಮಗಳನ್ನು ಗಂಡನ ಮನೆಗೆ ಕಳಿಸುವ ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಿದ ಹಾಗೆ ಹಚ್ಚಿದ್ದೆ! ಕೇಪಿನ ಕಿಡಿ ಮದ್ದನ್ನು ಮುಟ್ಟುವ ಸಣ್ಣ ತೂತಿಗೆ ಎಣ್ಣೆ ಇಳಿದು ಕೂತಿತ್ತು. ಮದ್ದನ್ನು ಹೊರತೆಗೆದು ಎಲ್ಲವನ್ನೂ ಒಣಗಿಸಿ ಮೊದಲಿನಿಂದ ತುಂಬಬೇಕಾಯಿತು. ಎಸ್ಸೈ ಬಂಡೆಯ ನೆರಳಿಗೆ ಹೋಗಿ ನಿಂತು, "ಇನ್ನು ಒಂದೇ ಸಲ ಅಮ್ಮ" ಅಂದರು. ತುಂಬಿದೆ. ಕೇಪು ಕೂರಿಸಿದೆ.

ಬೋರಮ್ಮ ಮುಂದೆ ಬಂದರು. "ಕೊಡ್ರಿ ಇತ್ಲಾಗೆ. ಇವಳು ಹೊಸಬರ ಕೈಗೆ ಬಗ್ಗಲ್ಲ."

"ನಿಮಗೆ ಹಾರಿಸೋಕೆ ಬರುತ್ತಾ?" ಎಸ್ಸೈ ಕೇಳಿದರು.

"ನೋಡಿದೀನಿ ಸ್ವಾಮಿ. ನಮ್ಮೆಜಮಾನ್ರು ಹಾರಿಸ್ತಿದ್ರು, ನಾನು ಪಕ್ಕದಾಗ ನಿಂತು ನೋಡ್ತಿದ್ದೆ."

ಎಸ್ಸೈ ಸ್ವಲ್ಪ ಯೋಚಿಸಿ, ನನ್ನನ್ನು ಪಕ್ಕದಲ್ಲೇ ನಿಲ್ಲಲು ಹೇಳಿ ಒಪ್ಪಿದರು. ಬೋರಮ್ಮ ಸೆರಗು ಸಿಕ್ಕಿಸಿ ಬಂದೂಕು ತೆಗೆದುಕೊಂಡರು. ನೊಗದ ಮರವನ್ನು ಕೆನ್ನೆಗೆ ಒತ್ತಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದರು. ಎಡಗಾಲು ಮುಂದಕ್ಕೆ ಹೋಯಿತು, ಮೊಣಕೈ ಪಕ್ಕೆಗೆ ಅಂಟಿತು, ಹೆಬ್ಬೆರಳು ಕುದುರೆಯನ್ನು ಎತ್ತಿತು. ಇದೆಲ್ಲ ನೀರಿನಿಂದ ಕೊಡ ಎತ್ತಿದಷ್ಟೇ ಸಲೀಸಾಗಿ ಆಯಿತು. "ಏನೇ ಮುದುಕಿ, ಮಾನ ತೆಗೀಬ್ಯಾಡ" ಅಂದರು.

ಆ ಸದ್ದು! ಮೊದಲು ಎದೆಗೆ ತಾಗಿತು, ಆಮೇಲೆ ಕಿವಿಗೆ. ಬಿಳಿ ಹೊಗೆ ಬೋರಮ್ಮನನ್ನೇ ಮುಚ್ಚಿತು. ಗುಡ್ಡದಿಂದ ಒಂದು ಪ್ರತಿಧ್ವನಿ, ಆಚೆ ಗುಡ್ಡದಿಂದ ಇನ್ನೊಂದು. ಕ್ವಾರಿಯ ನವಿಲುಗಳು ಬೈಯುತ್ತಾ ಹಾರಿದವು. ಹೊಗೆ ಕರಗುವಷ್ಟರಲ್ಲಿ ಹೊಲಗಳಲ್ಲಿ ಬಗ್ಗಿದ್ದವರೆಲ್ಲ ನೆಟ್ಟಗೆ ನಿಂತಿದ್ದರು. "ಬೋರಕ್ಕನ ತುಪಾಕಿ! ಬೋರಕ್ಕನ ತುಪಾಕಿ ಕಣ್ರೋ!" ಎಂದು ಯಾರೋ ಕೂಗಿದರು. ಒಬ್ಬರು ಶಿಳ್ಳೆ ಹಾಕಿದರು. ಒಬ್ಬಳು ಟವೆಲ್ ಬೀಸಿದಳು. ಭಾಗ್ಯ ನನ್ನನ್ನು ಅಪ್ಪಿಕೊಂಡು ಕುಣಿದಳು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ನನ್ನ ಗಂಡ ಟವೆಲ್ ಬಿಚ್ಚಿ, "ಹತ್ತಿ ಸಾಲಲಿಲ್ಲ" ಅಂದ. ಆದರೆ ನಗುತ್ತಿದ್ದ.

ಎಸ್ಸೈ ಬೋರಮ್ಮನ ಹತ್ತಿರ ಬಂದರು. ಬಂದೂಕನ್ನು ನೋಡಿದರು, ಅವರು ನಿಂತ ಕಾಲುಗಳನ್ನು ನೋಡಿದರು. "ಬರೀ ನೋಡಿ ಇಷ್ಟು ಕಲಿತ್ರಾ ಅಜ್ಜಿ?"

ಬೋರಮ್ಮನಿಗೆ ಸಂತೋಷದಲ್ಲಿ ನಾಲಿಗೆ ಹಿಡಿತ ತಪ್ಪಿತು. "ಮತ್ತೇನ್ ಮಾಡ್ಲಿ ಸ್ವಾಮಿ? ನಮ್ಮೆಜಮಾನ್ರಿಗೆ ಬಲು ನಿದ್ದೆ. ಹೊಲ ಕಾಯಾಕೆ ಅಟ್ಟಣಿಗೆ ಹತ್ತಿದ್ ಕೂಡ್ಲೇ ಗೊರಕೆ. ಮದುವೆ ಆದಾಗಿಂದ ನಾನೇ ಅಲ್ವಾ..."

ತಿಪ್ಪೇಸ್ವಾಮಿ ಜೋರಾಗಿ ಕೆಮ್ಮಿದರು. ಬೋರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಲೈಸೆನ್ಸ್ ಇದ್ದದ್ದು ಪಾಲಯ್ಯನವರ ಹೆಸರಿನಲ್ಲಿ. ಬೇರೆಯವರು ಹಾರಿಸಿದರೆ ಅಪರಾಧ.

ಎಸ್ಸೈ ಕಿರುಬೆರಳನ್ನು ಕಿವಿಯೊಳಗೆ ಹಾಕಿ ಅಲ್ಲಾಡಿಸಿದರು. ತಲೆಯನ್ನು ಒಂದು ಕಡೆ ವಾಲಿಸಿದರು. ಆಮೇಲೆ ಗಂಭೀರವಾಗಿ, "ಆ ಸದ್ದಿಗೆ ನನ್ನ ಕಿವಿ ಕಟ್ಟಿಬಿಟ್ಟಿದೆ ಅಜ್ಜಿ. ಏನೂ ಕೇಳಿಸ್ತಿಲ್ಲ. ಏನೋ ಹೇಳ್ತಿದ್ರಿ?" ಅಂದರು.

"ಏನೂ ಇಲ್ಲ ಸ್ವಾಮಿ. ಮಜ್ಜಿಗೆ ಕುಡೀತೀರಾ ಅಂದೆ."

"ಅದು ಕೇಳಿಸ್ತು" ಅಂದರು ಎಸ್ಸೈ.

ಬೋರಮ್ಮನ ಹೆಸರಿಗೆ ಲೈಸೆನ್ಸ್ ಬಂತು. ಮರು ವರ್ಷ ನಾನು ಕೆಲಸ ಬಿಟ್ಟು ಭಾಗ್ಯನ ಕೈಗೆ ಅಂಗಡಿ ಒಪ್ಪಿಸಿದೆ. ಬಿಟ್ಟ ಮೇಲಿನ ಮೊದಲ ತಿಂಗಳು ಬಲು ಉದ್ದವಾಗಿತ್ತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಬೀಗದ ಕೈಗೆ ಕೈ ಚಾಚಿ, ಅದು ಅಲ್ಲಿಲ್ಲವೆಂದು ನೆನಪಾಗಿ ಮತ್ತೆ ಕೂರುತ್ತಿದ್ದೆ. ಅಂಥ ಒಂದು ದಿನ ಭಾಗ್ಯ ಫೋನ್ ಮಾಡಿ, "ದೊಡ್ಡಮ್ಮ, ಬೋರಮ್ಮ ಬಂದಿದ್ದಾರೆ. ತುಪಾಕಿ ತಂದಿದ್ದಾರೆ. ನೀವೇ ಬರಬೇಕಂತೆ" ಅಂದಳು.

ಎಲ್ಲಿ ಮುರಿಯಿತೋ ಏನು ಕಥೆಯೋ ಎಂದು ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದೆ. ಬೋರಮ್ಮ ಬೆಂಚಿನ ಮೇಲೆ ಕಾಲು ಮಡಿಸಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮೇಜಿನ ಮೇಲೆ ಬಂದೂಕು ಇತ್ತು. ಖಾಲಿ ಇದೆಯೇ ಎಂದು ಭಾಗ್ಯ ಆಗಲೇ ನೋಡಿಟ್ಟಿದ್ದಳು. ಕುದುರೆ ಎತ್ತಿ ನೋಡಿದೆ, ಸರಿಯಿತ್ತು. ಕಮರದ ಮರದಲ್ಲಿ ಒಂದು ಬಿರುಕಿಲ್ಲ. ಬೆಳ್ಳಿ ಕಡಗ ಹುಣಿಸೆಹಣ್ಣು ಹಾಕಿ ತೊಳೆದ ಹಾಗೆ ಹೊಳೆಯುತ್ತಿತ್ತು.

"ಏನಾಯ್ತು ಬೋರಮ್ಮ? ಎಲ್ಲ ಚೆನ್ನಾಗೇ ಇದೆಯಲ್ಲ!"

"ಚೆನ್ನಾಗೇ ಐತೆ ಕಣ್ರಿ. ಏನೂ ಆಗಿಲ್ಲ." ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. "ಅಂಗಡಿ ಬಿಟ್ರಿ ಅಂತ ಕೇಳ್ದೆ. ನಿಮ್ಗೂ ಇವಳನ್ನ ಒಂದ್ಸಲ ನೋಡ್ಬೇಕು ಅನ್ನಿಸಿರ್ತದೆ ಅಂತ ಕರ್ಕಂಡ್ ಬಂದೆ. ಸಂಜೆ ಬಸ್ಸಿನ ತನಕ ಇರ್ತೀವಿ. ತಗಳ್ರಿ, ಕೈಯಾಗೆ ಹಿಡ್ಕಳ್ರಿ."